ಗಲ್ಲದಡಿಯ ಎರಡು ಬೆರಳು

“ಸ್ವಲ್ಪ ಮೇಲೆ” ಎನ್ನುತ್ತ ಅವನು ಮೇಷ್ಟ್ರ ಗಲ್ಲದಡಿ ಎರಡು ಬೆರಳು ಕೊಟ್ಟ. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಕಡಿಮೆಯೆಂದರೂ ಹದಿನೈದು ಸಲ ಆಡಿದ ಮಾತು. ಗಿರಾಕಿಗಳಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ ಬೆರಳು ತಾಗುವ ಮೊದಲೇ ಅವರ ಕತ್ತು ಕುರ್ಚಿಯ ಒರಗಿನ ಮೇಲೆ ಹಿಂದಕ್ಕೆ ವಾಲಿ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅವನ ಕೈ ಹಗುರ. ಕತ್ತಿ ಓಡಿದ್ದೇ ತಿಳಿಯುವುದಿಲ್ಲ ಎಂದು ಈ ಮೇಷ್ಟ್ರೇ ಯಾವಾಗಲೋ ಅವನಿಗೆ ಹೂಗೈ ಎಂದು ಹೆಸರಿಟ್ಟಿದ್ದರು, ಆಮೇಲೆ ಬೀದಿಯವರೆಲ್ಲ ಹಾಗೆಯೇ ಕರೆಯತೊಡಗಿ, ಬಾಗಿಲ ಮೇಲಿನ ಹಲಗೆಯಲ್ಲಿ ಬರೆಸಿದ ಹೆಸರು ಯಾರಿಗೂ ಬೇಡವಾಗಿತ್ತು. ಇವತ್ತು ಹೂಗೈಯ ಕಣ್ಣು ನೊರೆಯ ಮೇಲಿರಲಿಲ್ಲ. ಮೇಷ್ಟ್ರ ಕತ್ತಿನ ಚರ್ಮ ಮಡಿಕೆ ಮಡಿಕೆಯಾಗಿ ಜೋತುಬಿದ್ದಿತ್ತು. ಎಡಗೈಯಿಂದ ಅದನ್ನು ಎಳೆದು ಬಿಗಿಮಾಡಿಕೊಳ್ಳುತ್ತ, ಈ ಮುದುಕರು ಇಷ್ಟೊಂದು ಚರ್ಮವನ್ನು ಯಾತಕ್ಕೂ ಬಳಸದೆ ಹೊತ್ತು ತಿರುಗುತ್ತಾರಲ್ಲ ಎಂದುಕೊಂಡ. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಮನೆಯಲ್ಲಿ ಹೆಂಡತಿಯ ಗಲ್ಲಕ್ಕೂ ಎದೆಗೂ ನಡುವೆ ಅವನ ಒಂದು ಕಿರುಬೆರಳು ಕೂಡ ಹಿಡಿಸುವುದಿಲ್ಲ. ಕತ್ತಿ ನಿಂತ ಜಾಗದಲ್ಲಿ ನೊರೆ ಕೆಂಪಾಯಿತು.

“ಅಯ್ಯೋ ಮೇಷ್ಟ್ರೇ” ಎಂದು ಅವನು ಪಟಿಕದ ತುಂಡಿಗೆ ಕೈಹಾಕಿದ. ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದ ಇಬ್ಬರೂ ಪೇಪರಿನಿಂದ ತಲೆ ಎತ್ತಿ ನೋಡಿದರು. ಅವನ ಕಿವಿ ಬಿಸಿಯಾಯಿತು. ಮೇಷ್ಟ್ರು ಮಾತ್ರ ಕಣ್ಣು ಸಹ ತೆರೆಯಲಿಲ್ಲ. “ಇರಲಿ ಬಿಡಪ್ಪ. ಇಷ್ಟು ವರ್ಷಕ್ಕೆ ಒಂದು ಗೆರೆ ಎಳೆದಿದ್ದೀಯ, ನಾನು ಪಾಠ ಮಾಡುವಾಗ ಮಕ್ಕಳಿಗೆ ದಿನಕ್ಕೆ ನಾಲ್ಕು ಎಳೀತಿದ್ದೆ. ಹೆಂಡತಿ ಆಪರೇಷನ್ ಯಾವತ್ತು, ನಾಳೆನಾ?”

“ನಾಳೆ. ಇವತ್ತು ಹನ್ನೊಂದಕ್ಕೆ ಸೇರಿಸ್ಕೋತಾರೆ.”

“ಮತ್ತೆ ಇಲ್ಲೇನು ಮಾಡ್ತಿದ್ದೀಯ? ಅರ್ಧ ಗಡ್ಡದಲ್ಲೇ ಹೋಗ್ತೀನಿ ನಾನು, ನಡಿ.”

ಅವರನ್ನು ಅರ್ಧ ಗಡ್ಡದಲ್ಲಿ ಕಳಿಸಲು ಅವನ ಕೈ ಒಪ್ಪಲಿಲ್ಲ. ಪೂರ್ತಿ ಮಾಡಿ, ಒರೆಸಿ, ಕನ್ನಡಿ ಹಿಡಿದು ತೋರಿಸಿ ಕಳಿಸಿದ. ಬೇರೆಯವರ ಗಲ್ಲ ಎತ್ತುವುದರಲ್ಲಿ ತಾನು ಎಂದೂ ಸೋತವನಲ್ಲ ಎಂದು ಬಾಗಿಲೆಳೆಯುವಾಗ ಅನ್ನಿಸಿ, ತನ್ನ ಮೇಲೆಯೇ ಸಿಟ್ಟು ಬಂತು.

ಹೂಗೈಯ ಮನೆ ನೋಡಿದವರಿಗೆ ಅದು ಗಿಡ್ಡ ಜನರ ಮನೆ ಎನ್ನಿಸಬೇಕು. ಕನ್ನಡಿ ಅವನ ಹೊಟ್ಟೆಯ ಎತ್ತರಕ್ಕಿದೆ. ಗಡಿಯಾರ ಗೋಡೆಯಿಂದ ಇಳಿದು ಸ್ಟೂಲಿನ ಮೇಲೆ ಕೂತಿದೆ. ಕ್ಯಾಲೆಂಡರಿನಲ್ಲಿ ತಾರೀಖು ನೋಡಬೇಕಾದರೆ ನೆಂಟರು ಬೂಟಿನ ದಾರ ಕಟ್ಟುವವರಂತೆ ಕುಕ್ಕರಗಾಲಿನಲ್ಲಿ ಕೂರಬೇಕು. ಒಲೆಯ ಮೇಲಿನ ಗೂಡಿನಿಂದ ಡಬ್ಬಿಗಳೆಲ್ಲ ಒಂದೊಂದಾಗಿ ಕೆಳಗಿನ ಸಾಲಿಗೆ ಬಂದಿವೆ. ಇದನ್ನೆಲ್ಲ ಅವನೇ ಮಾಡಿದ್ದು, ಅವಳು ಕೇಳುವ ಮೊದಲೇ, ಒಂದು ಮೊಳೆ ಕಿತ್ತು ಇನ್ನೊಂದು ಮೊಳೆ ಹೊಡೆದು. ನಾಲ್ಕು ವರ್ಷದ ಹಿಂದೆ ಒಲೆಯ ಕಡೆ ಬಾಗಿ ಏನನ್ನೋ ತೆಗೆಯುವಾಗ ಅವಳ ನೈಲಾನ್ ಅಂಗಿಯ ಕಾಲರಿಗೆ ಬೆಂಕಿ ಹತ್ತಿತ್ತು. ಕತ್ತು, ಗಲ್ಲ, ಎದೆಯ ಮೇಲ್ಭಾಗ. ಗಾಯ ಮಾಯಿತು, ಮಾಯುತ್ತ ಮಾಯುತ್ತ ಚರ್ಮ ಹಗ್ಗ ಹುರಿಗೊಳಿಸಿದಂತೆ ಬಿಗಿದುಕೊಂಡಿತು, ಗಲ್ಲವನ್ನು ಎದೆಗೆ ಎಳೆದು ಕಟ್ಟಿತು. ಕೆಳತುಟಿಯನ್ನೂ ಜೊತೆಗೆ ಎಳೆದುಕೊಂಡು ಹೋದದ್ದರಿಂದ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಅವಳ ಕೈಯಲ್ಲಿ ಸದಾ ಒಂದು ಕರವಸ್ತ್ರ. ನೀರನ್ನು ನಳಿಕೆಯಿಂದ ಹೀರುತ್ತಾಳೆ. ಅವಳೊಡನೆ ಮಾತಾಡಬೇಕೆಂದರೆ ಅವನು ಗಿಡ್ಡ ಸ್ಟೂಲನ್ನು ಅವಳ ಕಾಲಬುಡಕ್ಕೆ ಎಳೆದುಕೊಂಡು ಕೂರುತ್ತಾನೆ. ಅಲ್ಲಿ ಕೂತರೆ ಮಾತ್ರ ಅವಳ ನೋಟಕ್ಕೆ ಅವನ ಮುಖ ಸಿಗುತ್ತದೆ. “ದೊರೆಸಾನಿ ಹತ್ರ ಅರ್ಜಿ ತಂದವರ ಹಾಗೆ ಕೂತ್ಕೋತೀರಲ್ರೀ” ಎಂದು ಅವಳು ನಗುತ್ತಾಳೆ. ಅವಳ ನಗು ಮಾತ್ರ ಕೊಂಚವೂ ಸುಟ್ಟಿರಲಿಲ್ಲ.

ಆಪರೇಷನ್ ಬೇಕೆಂದು ಹಟ ಹಿಡಿದವಳು ಅವಳೇ. ಹೊಸ ಫ್ಯಾನು ಹಾಕಿಸಿ ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಅದು ಕಿರುಗುಟ್ಟಿತು. “ಅದರ ಬಣ್ಣ ಏನ್ರೀ?” ಎಂದು ಕೇಳಿದಳು. ಅವನು ಕಂದು ಎಂದ. ಅವಳು ಕೈಯಲ್ಲಿದ್ದ ಅಂಗಿ ಮಡಚಿದಳು, ಇನ್ನೊಂದನ್ನು ಮಡಚಿದಳು, ಆಮೇಲೆ “ನನ್ನ ಮನೆ ಫ್ಯಾನಿನ ಬಣ್ಣ ನಾನು ಇನ್ನೊಬ್ಬರನ್ನ ಕೇಳಬೇಕಾ?” ಎಂದಳು. ಮಲಗಿದರೂ ಅವಳಿಗೆ ಕಾಣುತ್ತಿದ್ದುದು ಎದುರು ಗೋಡೆ, ತನ್ನದೇ ಕಾಲುಗಳು. ಇಷ್ಟು ದಿನ ಅದು ಅವನಿಗೆ ಹೊಳೆದೇ ಇರಲಿಲ್ಲ. ಹೊಳೆದಿತ್ತೇನೋ, ಅದನ್ನೂ ಒಂದು ಮೊಳೆ ಕಿತ್ತು ಕೆಳಗೆ ಹೊಡೆದುಬಿಟ್ಟಿದ್ದ.

ಆಸ್ಪತ್ರೆಯಲ್ಲಿ ಸರ್ಜನ್ ಡಾಕ್ಟರಮ್ಮ ಅವಳನ್ನು ಎತ್ತರದ ಮಂಚದ ಅಂಚಿಗೆ ಕೂರಿಸಿ, ತಾನು ಸ್ಟೂಲಿನ ಮೇಲೆ ಕೂತು, ನೇರಳೆ ಪೆನ್ನಿನಿಂದ ಕತ್ತಿನ ಮೇಲೆ ಗೆರೆ ಹಾಕಿದಳು. ಅವನಿಗಿಂತ ತುಂಬ ಚಿಕ್ಕವಳು, ಆದರೆ ಕೈ ಅವಸರದ್ದಲ್ಲ. ಕೆಲಸ ಬಲ್ಲವರ ಕೈ ಅವನಿಗೆ ನೋಡಿದೊಡನೆ ತಿಳಿಯುತ್ತದೆ. “ಈ ಗೆರೆ ಮೇಲೆ ಅಡ್ಡಕ್ಕೆ ಕುಯ್ತೀನಿ. ಕುಯ್ದ ತಕ್ಷಣ ಕತ್ತು ಹಿಂದಕ್ಕೆ ಹೋಗುತ್ತೆ, ಕುಯ್ದ ಜಾಗ ಇಷ್ಟಗಲ ಬಾಯಿ ಬಿಡುತ್ತೆ” ಎಂದು ಅಂಗೈ ಅಗಲಿಸಿದಳು. “ಅಲ್ಲಿಗೆ ತೊಡೆಯಿಂದ ತೆಳುವಾಗಿ ಚರ್ಮ ತೆಗೆದು ಹೊಲೀತೀನಿ. ಐದನೇ ದಿನ ಬಿಚ್ಚಿ ನೋಡೋದು, ಅಂಟಿದೆಯೋ ಇಲ್ಲವೋ ಅಂತ. ಹೊಸ ಚರ್ಮಕ್ಕೂ ಮುದುಡೋ ಬುದ್ಧಿ ಇರುತ್ತೆ. ಅದಕ್ಕೆ ಆಮೇಲೆ ಆರು ತಿಂಗಳು ಕತ್ತಿಗೆ ಗಟ್ಟಿ ಕಾಲರ್ ಕಟ್ಟಬೇಕು, ಹಗಲೂ ರಾತ್ರಿ. ದಿಂಬು ಅನ್ನೋದನ್ನ ಮನೆಯಿಂದಲೇ ಹೊರಗೆ ಹಾಕಿ.” ಹಳೆಯ ಕಾಗದಗಳನ್ನು ತಿರುವುತ್ತ, ತಲೆ ಎತ್ತದೆ ಕೇಳಿದಳು: “ಆವಾಗಲೂ ಕಾಲರ್ ಕೊಟ್ಟಿದ್ರಲ್ಲ, ಹಾಕಿದ್ರಾ?”

ಈ ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಮೇಷ್ಟ್ರ ಗಂಟಲಿನ ಮೇಲೆ ಕತ್ತಿ ನಿಂತದ್ದು ಇದೇ ಪ್ರಶ್ನೆಗೆ. “ಹಾಕಿದ್ವಿ ಡಾಕ್ಟ್ರೇ.”

“ಎಷ್ಟು ದಿನ?”

“ಹೇಳಿದಷ್ಟೂ ದಿನ.”

“ದಿಂಬು?”

“ಇಲ್ಲ. ಕೊಟ್ಟಿಲ್ಲ.”

ಡಾಕ್ಟರಮ್ಮ ಏನೋ ಬರೆದುಕೊಂಡಳು. ಅವನ ಹೆಂಡತಿ ಅವನ ಚಪ್ಪಲಿ ನೋಡುತ್ತಿದ್ದಳು. ಅವಳಿಗೆ ಕಾಣುವುದೇ ಅಷ್ಟಾದ್ದರಿಂದ ಅದರಲ್ಲಿ ವಿಶೇಷವೇನೂ ಇರಲಿಲ್ಲ, ಆದರೂ ಅವನು ಕಾಲನ್ನು ಹಿಂದಕ್ಕೆಳೆದುಕೊಂಡ. ಹಿಂದೆಯೂ ಇಂಥದೇ ಕೋಣೆಯಲ್ಲಿ, ಅವಳು ಸುಟ್ಟುಕೊಂಡು ಬಂದ ದಿನ, ಖಾಕಿ ತೊಟ್ಟವರೊಬ್ಬರು ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿ ಅವಳನ್ನು ಕೇಳಿದ್ದರು, ಇದನ್ನು ಮಾಡಿದ್ದು ಯಾರು ಎಂದು. ಒಗೆದ ಟವೆಲು ಹಿಡಿದುಕೊಂಡು ಅವನು ಹೊರಗೆ ನಿಂತಿದ್ದ. ಹಾದುಹೋಗುವವರೆಲ್ಲ ಅವನ ಕೈ ನೋಡುತ್ತಿದ್ದರು, ಹೂಗೈ. ಆವತ್ತು ಅವನು ತಪ್ಪು ಮಾಡಿರಲಿಲ್ಲ, ಆದರೂ ತಲೆ ತಗ್ಗಿಸಿದ್ದ. ಇವತ್ತು ತಪ್ಪಿತ್ತು, ತಲೆ ನೆಟ್ಟಗಿಟ್ಟುಕೊಂಡೇ ಸುಳ್ಳು ಹೇಳಿದ್ದ.

ಆಮೇಲೆ ಅರಿವಳಿಕೆ ಡಾಕ್ಟರು ಬಂದರು. ಭಾರಿ ಆಳು, ಮೀಸೆಯ ಎಡಬದಿ ಬಲಕ್ಕಿಂತ ಒಂದು ಎಳೆ ಉದ್ದ, ಯಾರೋ ಅವಸರದಲ್ಲಿ ಕತ್ತರಿಸಿದ್ದು. ಅವಳ ಬಾಯಿ ತೆರೆಸಿ ನೋಡಿದರು, ತಲೆ ಹಿಂದಕ್ಕೆ ಮಾಡಿ ಎಂದರು, ಮಾಡಲಾಗದ್ದನ್ನು ನೋಡಿದರು. ಆಮೇಲೆ, ಥೇಟ್ ಅವನ ಹಾಗೆಯೇ, ಎರಡು ಬೆರಳು ಜೋಡಿಸಿ ಅವಳ ಗಲ್ಲದ ಕೆಳಗೆ ತೂರಿಸಲು ಹೋದರು. ಬೆರಳು ಹೋಗಲಿಲ್ಲ. “ನೋಡಿ, ಪ್ರಜ್ಞೆ ತಪ್ಪಿಸಿದ ಮೇಲೆ ಉಸಿರಾಟಕ್ಕೆ ನಳಿಕೆ ಹಾಕಬೇಕು. ಅದಕ್ಕೆ ಕತ್ತು ಹಿಂದೆ ಬಾಗಬೇಕು. ಇವರದು ಬಾಗಲ್ಲ, ದಾರಿ ಸಿಗಲ್ಲ. ಹಾಗಾಗಿ ಎಚ್ಚರ ಇರುವಾಗಲೇ, ಗಂಟಲು ಮರಗಟ್ಟಿಸಿ, ಮೂಗಿನಿಂದ ಹಾಕ್ತೀವಿ. ಅವರು ಹೆದರದೆ ಸುಮ್ಮನಿರಬೇಕು.”

“ಅಪಾಯ ಇದೆಯಾ ಡಾಕ್ಟ್ರೇ?”

“ಇಲ್ಲ ಅಂದ್ರೆ ಸುಳ್ಳಾಗುತ್ತೆ. ಬೇರೆಯವರಿಗಿಂತ ಜಾಸ್ತಿ ಇದೆ. ಆದ್ರೆ ನಮಗೆ ಇದು ಹೊಸದಲ್ಲ.”

ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವಾಗ ಪೆನ್ನು ಹತ್ತಲಿಲ್ಲ. ಕತ್ತು ಬಾಗಲ್ಲ ಎಂಬುದಷ್ಟೇ ಅವನ ಕಿವಿಯಲ್ಲಿತ್ತು. ಕತ್ತು ಯಾಕೆ ಬಾಗುವುದಿಲ್ಲ ಎಂದು ಈ ಕೋಣೆಯಲ್ಲಿ ಗೊತ್ತಿದ್ದವನು ತಾನೊಬ್ಬನೇ. ನಾಳೆ ಆ ನಳಿಕೆ ದಾರಿ ಕಾಣದೆ ನಿಂತರೆ, ನಿಂತದ್ದು ಎಲ್ಲಿ? ಮೂರು ಮಡಿಕೆ ಮಾಡಿದ ಒಂದು ಟವೆಲಿನ ಮೇಲೆ.

ಆ ಟವೆಲು ಅಂಗಡಿಯದು, ನೀಲಿ ಅಂಚಿನದು. ನಾಲ್ಕು ವರ್ಷದ ಹಿಂದೆ ಸುಟ್ಟವರ ವಾರ್ಡಿನ ಗೋಡೆಗೆ ‘ದಿಂಬು ಬೇಡ’ ಎಂದು ರಟ್ಟು ಅಂಟಿಸಿದ್ದರು. ಸಣಕಲು ನರ್ಸು ಒಬ್ಬಳು ಅವಳ ಹೆಗಲಡಿ ಬಟ್ಟೆಯ ಸುರುಳಿ ಇಟ್ಟು ತಲೆ ಹಿಂದಕ್ಕೆ ಜೋಲುವಂತೆ ಮಲಗಿಸಿ, “ನೋವಾಗೋ ಕಡೆಗೇ ಇಡಬೇಕು. ಆರಾಮ ಅನ್ನಿಸೋ ಕಡೆ ಇಟ್ರೆ ಚರ್ಮ ಹಾಗೇ ಅಂಟ್ಕೊಳ್ಳುತ್ತೆ” ಎಂದು ಅವನಿಗೆ ಹೇಳಿದ್ದಳು, ಒಂದಲ್ಲ, ಮೂರು ಸಲ. ಮಧ್ಯಾಹ್ನ ನರ್ಸು ಟೀಗೆ ಹೋದಾಗ ಹೆಂಡತಿಯ ಕಣ್ಣಿನ ಕೊನೆಯಿಂದ ನೀರು ಹಿಂದಕ್ಕೆ ಹರಿದು ಕಿವಿಯೊಳಗೆ ಇಳಿಯುತ್ತಿತ್ತು. ಅವಳು ಏನೂ ಕೇಳಿರಲಿಲ್ಲ. ಅವನೇ ಟವೆಲು ಮಡಚಿ ತಲೆಯಡಿ ಸರಿಸಿದ. ಮುಖದ ಬಿಗಿ ಸಡಿಲವಾಯಿತು, “ಹಾ” ಎಂದಳು. ಆ ಹಾ ಎಂಬುದಕ್ಕಾಗಿ ಅವನು ಏನು ಬೇಕಾದರೂ ಮಾಡುತ್ತಿದ್ದ. ಮರುದಿನವೂ ಮಾಡಿದ. ಮನೆಗೆ ಬಂದ ಮೇಲೆ ಟವೆಲು ದಿಂಬಾಯಿತು, ಒಂದು ದಿಂಬು ಎರಡಾಯಿತು. ಕಾಲರಿನ ಕೆಳಗೆ ಬೆವರು, ನವೆ. ಅರ್ಧ ಗಂಟೆ ಎಂದು ಬಿಚ್ಚಿದ್ದು ಮತ್ತೆ ಕಟ್ಟಲಾಗಲಿಲ್ಲ. “ಡಾಕ್ಟ್ರು ಸಾಕು ಅಂದ್ರು” ಎಂದು ಹೇಳಿ ಅದನ್ನು ಬೀರುವಿನ ತಲೆಯ ಮೇಲೆಸೆದ. ಡಾಕ್ಟರು ಹಾಗೆ ಅಂದಿರಲಿಲ್ಲ, ಅನ್ನಲು ಅವನು ಮತ್ತೆ ಅವರ ಬಳಿ ಹೋಗಿಯೇ ಇರಲಿಲ್ಲ. ತಿಳಿಯದೆ ಮಾಡಿದ್ದರೆ ಬೇರೆ ಮಾತು. ಕತ್ತಿನ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒರಗು ಎಲ್ಲಿ ಕೊಟ್ಟರೆ ಗಲ್ಲ ಏಳುತ್ತದೆ, ಎಲ್ಲಿ ಕೊಟ್ಟರೆ ಬೀಳುತ್ತದೆ ಎಂಬುದರಿಂದಲೇ ಅವನಿಗೆ ಅನ್ನ ಹುಟ್ಟುತ್ತದೆ. ಹೆಂಡತಿಯೊಬ್ಬಳಿಗೆ ಮಾತ್ರ ತಪ್ಪು ಜಾಗದಲ್ಲಿ ಒರಗು ಕೊಟ್ಟ.

ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸು ಒಬ್ಬಳು ಪರದೆ ಎಳೆದು, ಚರ್ಮ ತೆಗೆಯಬೇಕಾದ ತೊಡೆಯನ್ನು ಬೋಳಿಸಲು ಶುರುಮಾಡಿದಳು. ನೊರೆ ಇಲ್ಲ, ಚರ್ಮ ಬಿಗಿಯಾಗಿ ಎಳೆದು ಹಿಡಿದದ್ದಿಲ್ಲ, ಅಡ್ಡಾದಿಡ್ಡಿ. ಅವನು ಒಂದು ನಿಮಿಷ ತಡೆದುಕೊಂಡ. “ಅಕ್ಕಾ, ತಪ್ಪು ತಿಳೀಬೇಡಿ. ನಾನು ಮಾಡ್ಲಾ? ನಂದು ಇದೇ ಕೆಲಸ.” ನರ್ಸು ಅವನನ್ನೂ ಅವಳನ್ನೂ ನೋಡಿ, ನಕ್ಕು, ಕೈ ತೊಳೆಸಿ, ಹೊಸ ರೇಜರನ್ನೂ ಸಾಬೂನನ್ನೂ ಕೊಟ್ಟಳು. ಅವನು ಮಂಚದ ಪಕ್ಕದಲ್ಲಿ ಮೊಣಕಾಲೂರಿದ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಹಗಲು ಬೆಳಕಿನಲ್ಲಿ ಆ ತೊಡೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲೇನೋ. ಬೆಂಕಿ ಮುಟ್ಟದ ಚರ್ಮ, ನಯವಾಗಿ, ಒಳಗಿನ ಸಣ್ಣ ನರಗಳ ನೀಲಿ ಕಾಣುವಂತೆ. ಇದನ್ನು ಇನ್ನೊಂದು ಗಂಟೆಯಲ್ಲಿ ಸುಲಿಯುತ್ತಾರೆ. ಗುರುತು ಉಳಿಯಬಾರದೆಂದು ಉಸಿರು ಹಿಡಿದು ಎಳೆದ.

“ಗಿರಾಕಿಯನ್ನ ಮಾತಾಡಿಸಲ್ವಾ?” ಎಂದಳು ಅವಳು.

“ಏನು ಮಾತಾಡಿಸಬೇಕು?”

“ಮೇಷ್ಟ್ರ ಹತ್ರ ಊರಿನ ಸುದ್ದಿಯೆಲ್ಲ ಹರಟ್ತೀರಿ. ನನಗೂ ಏನಾದ್ರೂ ಹೇಳಿ.”

ಹೇಳಬೇಕಾದದ್ದನ್ನು ಬಿಟ್ಟು, “ಹೆದರಿಕೆ ಆಗ್ತಿದೆಯೇನೇ?” ಎಂದು ಕೇಳಿದ.

“ನನಗಿಲ್ಲ. ಹೆದರಿರೋದು ನೀವು, ಸ್ವಲ್ಪ ನೋಡ್ಕೊಂಡು ಎಳೀರಿ.”

ತಳ್ಳುಗಾಡಿ ಬಂತು. ಅವಳನ್ನು ಒಂದು ಮಗ್ಗುಲಿಗೆ ಮಲಗಿಸಿಕೊಂಡು ಹೋದರು, ದಿಂಬಿಲ್ಲದೆ ಬೆನ್ನ ಮೇಲೆ ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ದೊಡ್ಡ ಬಾಗಿಲಿನ ಆಚೆ ಗಾಡಿ ಮರೆಯಾದದ್ದೇ ತಡ, ಅವನು ಹುಚ್ಚನಂತೆ ಕಾರಿಡಾರಿನುದ್ದಕ್ಕೂ ಓಡಿದ. ಡಾಕ್ಟರಮ್ಮ ಹಸಿರು ಟೋಪಿ ಕಟ್ಟಿಕೊಳ್ಳುತ್ತ ಎದುರಿಗೆ ಬರುತ್ತಿದ್ದಳು. “ಡಾಕ್ಟ್ರೇ, ನಿನ್ನೆ ಸುಳ್ಳು ಹೇಳ್ದೆ. ಕಾಲರ್ ಹಾಕಿಲ್ಲ. ಹದಿನೈದು ದಿನಕ್ಕೇ ಬಿಚ್ಚಿಬಿಟ್ಟೆ. ದಿಂಬು ಕೊಟ್ಟೆ, ಎರಡೆರಡು ಕೊಟ್ಟೆ. ಅವಳದೇನೂ ತಪ್ಪಿಲ್ಲ. ಅವರಿಗೆ, ಆ ಮೀಸೆ ಡಾಕ್ಟ್ರಿಗೂ ಹೇಳ್ಬಿಡಿ, ನಳಿಕೆ ಹಾಕೋ ಮೊದಲು.” ಹೇಳುತ್ತ ಹೇಳುತ್ತ ಇದರಿಂದ ನಳಿಕೆಗೆ ಏನೂ ಉಪಯೋಗವಿಲ್ಲವೆಂದು ಅವನಿಗೇ ತಿಳಿಯಿತು. ಗೋಡೆ ಒರೆಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ಟೋಪಿಯ ಗಂಟು ಬಿಗಿದಳು. “ನಿನ್ನೆನೇ ಗೊತ್ತಾಯ್ತು. ಆರು ತಿಂಗಳು ಕಾಲರ್ ಹಾಕಿದ ಕತ್ತು ಹೀಗಿರಲ್ಲ. ನೋಡಿ, ಕಾಳಜಿ ಇಲ್ಲದವರ ಮನೆಯಿಂದ ಬರೋದಕ್ಕಿಂತ ತುಂಬ ಕಾಳಜಿ ಇರೋ ಮನೆಯಿಂದನೇ ಇಂಥ ಕತ್ತುಗಳು ನನ್ನ ಹತ್ರ ಬರ್ತವೆ. ನೀವು ಒಬ್ರೇ ಅಲ್ಲ.” ಎರಡು ಹೆಜ್ಜೆ ಹೋಗಿ ತಿರುಗಿದಳು. “ಇವತ್ತು ನನಗೆ ಮೂರು ಗಂಟೆ ಕೆಲಸ. ನಿಮಗೆ ಆರು ತಿಂಗಳು. ಅವರು ಅತ್ತರೂ ಬಿಚ್ಚಬಾರದು. ಆಗುತ್ತಾ?”

ಆಗುತ್ತೆ ಎನ್ನಲು ಅವನಿಗೆ ಧೈರ್ಯವಾಗಲಿಲ್ಲ, ತಲೆಯಾಡಿಸಿದ. ಬೆಂಚಿನ ಮೇಲೆ ಕೂತವನು ಎದುರು ಗೋಡೆಯ ಗಡಿಯಾರ ನೋಡಲಿಲ್ಲ, ಬರಹೋಗುವವರ ಕತ್ತು ನೋಡಿದ. ಎಲ್ಲರೂ ಎಷ್ಟು ಸಲೀಸಾಗಿ ತಿರುಗಿಸುತ್ತಿದ್ದರು, ಹೆಸರು ಕೂಗಿದರೆ ಹಿಂದೆ ನೋಡುತ್ತಿದ್ದರು, ಲಿಫ್ಟಿನ ಮೇಲಿನ ಅಂಕೆ ನೋಡುತ್ತಿದ್ದರು. ಒಬ್ಬ ಮುದುಕ ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನ ಗಡ್ಡ ನಾಲ್ಕು ದಿನದ್ದು. ನಳಿಕೆ ಹೋಗಿರಬಹುದೇ? ಹೆದರದೆ ಸುಮ್ಮನಿರು ಎಂದು ಅವಳಿಗೆ ಯಾರಾದರೂ ಮೆಲ್ಲಗೆ ಹೇಳಿರಬಹುದೇ? ಅವಳು ಸುಮ್ಮನಿರುತ್ತಾಳೆ. ಅವಳು ಎಲ್ಲಕ್ಕೂ ಸುಮ್ಮನಿದ್ದಾಳೆ. ಕೊನೆಗೆ ಬಾಗಿಲು ತೆರೆದದ್ದು ಮೀಸೆ ಡಾಕ್ಟರು. ಹೆಬ್ಬೆರಳು ಎತ್ತಿ ತೋರಿಸಿ ನೀರು ಕುಡಿಯಲು ಹೋದರು. ಅವರನ್ನು ಅಂಗಡಿಗೆ ಕರೆದು ಆ ಮೀಸೆಯ ಎಡಬದಿಯನ್ನು ಒಪ್ಪ ಮಾಡಿಕೊಡಬೇಕೆಂದು ಅವನಿಗೆ ತುಂಬಿ ಬಂದ ಪ್ರೀತಿಯಲ್ಲಿ ಅನ್ನಿಸಿತು.

ಐದನೆಯ ದಿನ ಪಟ್ಟಿ ಬಿಚ್ಚಿದರು. ಕತ್ತಿನ ಮುಂಭಾಗದಲ್ಲಿ ಅಂಗೈಯಗಲ ಹೊಸ ಚರ್ಮ, ಗುಲಾಬಿ ಬಣ್ಣಕ್ಕಿತ್ತು. ಡಾಕ್ಟರಮ್ಮ ಒತ್ತಿ ನೋಡಿ “ಹಿಡಿದಿದೆ” ಎಂದಳು. ಅವನು ಗೋಡೆಗೆ ಒರಗಿದ. ಆದರೆ ಕಷ್ಟ ಇದ್ದದ್ದು ಆಚೆಗೆ. ಹೆಗಲಡಿ ಸುರುಳಿ, ತಲೆ ಹಿಂದಕ್ಕೆ, ಮೊದಲಿನ ಹಾಗೆಯೇ ಕಣ್ಣಿನ ನೀರು ಕಿವಿಗೆ. ತೊಡೆಯ ಉರಿ ಕತ್ತಿನದಕ್ಕಿಂತ ಜಾಸ್ತಿ. ಏಳನೆಯ ದಿನ ಮಧ್ಯಾಹ್ನ, ನರ್ಸು ಟೀಗೆ ಹೋಗಿದ್ದಾಗ, ಅವಳು ಕೇಳಿದಳು. “ರೀ. ಒಂದು ಹತ್ತು ನಿಮಿಷ. ಏನಾದ್ರೂ ತಲೆ ಕೆಳಗೆ ಕೊಡಿ.”

ಕಾಯುವವರಿಗೆಂದು ಕೊಟ್ಟಿದ್ದ ದಿಂಬೊಂದು ಅವನ ಪಕ್ಕದಲ್ಲೇ ಇತ್ತು. “ಆಗಲ್ಲ ಕಣೇ.”

“ಐದು ನಿಮಿಷ.”

“ಆಗಲ್ಲ.”

“ಯಾವತ್ತೂ ಇಲ್ಲ ಅಂದವರಲ್ಲ ನೀವು. ಈಗೇನು ಬಂತು?” ಅವಳ ದನಿ ಒಡೆಯಿತು. “ಕಲ್ಲಾಗಿಬಿಟ್ರಾ?”

ಅವನ ಕೈ ತಾನಾಗಿಯೇ ದಿಂಬಿನ ಕಡೆ ಹೋಗುತ್ತಿತ್ತು. ಇಪ್ಪತ್ತಾರು ವರ್ಷ ನೋವು ಕೊಡದಂತೆ ಪಳಗಿಸಿದ ಕೈ, ಅದಕ್ಕೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ ಅವನು ದಿಂಬನ್ನು ಕುರ್ಚಿಗೆ ಹಾಕಿ ಅದರ ಮೇಲೆ ಕೂತುಬಿಟ್ಟ. ಅವಳು ಕಣ್ಣಂಚಿನಿಂದ ಅದನ್ನು ನೋಡಿದಳು, ಅಳುವಿನ ನಡುವೆಯೇ ಒಂದು ನಗು ನುಗ್ಗಿ ಬಂದು ಹೊಲಿಗೆ ಎಳೆದು “ಅಮ್ಮಾ” ಎಂದಳು. ಸಂಜೆಯವರೆಗೂ ಅವನು ಅದರ ಮೇಲಿಂದ ಏಳಲಿಲ್ಲ. ಬಚ್ಚಲಿಗೆ ಹೋಗುವಾಗಲೂ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದನೆಂದು ರೇಜರ್ ಕೊಟ್ಟಿದ್ದ ನರ್ಸು ಇಡೀ ವಾರ್ಡಿಗೆ ಹೇಳಿ ನಗಿಸಿದಳು. ಜನ ನಕ್ಕದ್ದು ಅವನಿಗೆ ಚುಚ್ಚಿತು, ಆದರೆ ಕೊಡಲಿಲ್ಲ.

ಹತ್ತನೆಯ ದಿನ ಹೊಸ ಕಾಲರ್ ಅಳತೆಗೆ ಮಾಡಿ ತಂದರು. ಎಷ್ಟು ಬಿಗಿ ಇರಬೇಕೆಂದು ಡಾಕ್ಟರಮ್ಮ ಅವನಿಗೆ ತೋರಿಸಿಕೊಟ್ಟಳು. ಪಟ್ಟಿ ಕಟ್ಟಿದ ಮೇಲೆ ಪಕ್ಕದಲ್ಲಿ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಅವನು ಬೆರಳು ತೂರಿಸಿದ. ಎರಡೂ ಹೋದವು. ಇದು ತನಗೆ ಗೊತ್ತಿರುವ ಕೆಲಸ ಎಂದು ಮೊದಲ ಸಲ ಅನ್ನಿಸಿತು.

ಮನೆಗೆ ಬಂದ ಮರುದಿನದ ಬೆಳಗು ಬೇರೆ ಯಾವ ಬೆಳಗಿಗಿಂತಲೂ ಬೇರೆಯಾಗಿರಲಿಲ್ಲ. ಅಂಗಡಿ ಹನ್ನೊಂದಕ್ಕೆ ತೆರೆದರಾಯಿತು ಎಂದುಕೊಂಡು ಅವನು ಅವಳನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ನೀಲಿ ಅಂಚಿನ ಟವೆಲನ್ನೇ ಸುರುಳಿ ಮಾಡಿ ಹೆಗಲಡಿ ಇಟ್ಟ. ಈ ಸಲ ಜಾಗ ತಪ್ಪಲಿಲ್ಲ. ಗಿರಾಕಿ ಒರಗಿದ ಹಾಗೆ ಅವಳ ತಲೆ ಹಿಂದಕ್ಕೆ ವಾಲಿತು. ದಿನಕ್ಕೆ ನಾಲ್ಕು ಸಲ, ಹತ್ತು ಹತ್ತು ನಿಮಿಷ ಕಾಲರ್ ಬಿಚ್ಚಿ ಹೀಗೆ ಮೇಲೆ ನೋಡಿಸಬೇಕೆಂದು ಹೇಳಿದ್ದರು. ಎರಡು ನಿಮಿಷಕ್ಕೇ ಎಳೆಯತೊಡಗಿ ಅವಳು ಗಲ್ಲ ಇಳಿಸಿಬಿಡುತ್ತಿದ್ದಳು. ಅವನು ಅಭ್ಯಾಸಬಲದಿಂದ ಗಿಡ್ಡ ಸ್ಟೂಲೆಳೆದು ಅವಳ ಕಾಲ ಬಳಿ ಕೂತ.

“ಅಲ್ಲಿ ಕೂತ್ರೆ ನಾನು ಮತ್ತೆ ಕೆಳಗೇ ನೋಡಬೇಕು. ಎದ್ದು ನಿಂತ್ಕೊಳ್ಳಿ” ಎಂದಳು.

ಅವನು ಎದ್ದ. ಅವಳು ಮೇಲೆ ನೋಡಿದಳು. ಅವನನ್ನಲ್ಲ, ಅವನನ್ನು ದಾಟಿ. “ಅದೇನಾ ಫ್ಯಾನು? ಕಂದು ಅಂದ್ರಿ, ಬೂದಿ ಬಣ್ಣ ಇದೆಯಲ್ರೀ.”

“ಕಂದೇ ಕಣೇ. ಧೂಳು.”

“ಅಷ್ಟು ಧೂಳಾ? ಆ ಮೂಲೇಲಿ ನೋಡಿ ಜೇಡರ ಬಲೆ, ಬಟ್ಟೆ ಒಣಗಿಸಬಹುದು ಅದರ ಮೇಲೆ. ನಾನು ನೋಡಲ್ಲ ಅಂತ ಸೊಂಟದಿಂದ ಮೇಲಕ್ಕೆ ಪೊರಕೆ ಎತ್ತೇ ಇಲ್ವಾ ನೀವು?” ಅವಳ ಕಣ್ಣು ನಿಧಾನವಾಗಿ ಗೋಡೆಯ ಮೇಲಂಚಿನಗುಂಟ ಹರಿಯಿತು, ನಾಲ್ಕು ವರ್ಷ ಬೀಗ ಹಾಕಿದ್ದ ಕೋಣೆಯೊಂದನ್ನು ತೆರೆದು ನೋಡುವವಳ ಹಾಗೆ, ಹರಿದು ಬೀರುವಿನ ಮೇಲೆ ನಿಂತಿತು. “ಅಲ್ಲೇನು ನೇತಾಡ್ತಿದೆ?”

ಬೀರುವಿನ ನೆತ್ತಿಯಿಂದ ಹಳೆಯ ಕಾಲರಿನ ಪಟ್ಟಿ ಒಂದು ಗೇಣು ಇಳಿಬಿದ್ದಿತ್ತು. ಅದು ಅಲ್ಲಿ ನೇತಾಡುತ್ತಿದೆಯೆಂದು ಅವನಿಗೇ ಮರೆತುಹೋಗಿತ್ತು, ಮೇಲೆ ಇಡುವುದೆಂದರೆ ಇಲ್ಲವಾಗಿಸುವುದೆಂದೇ ಈ ಮನೆಯ ರೂಢಿಯಾಗಿತ್ತು. ಅವನು ಮಂಚದ ಅಂಚಿಗೆ ಕೂತ. “ನಿನಗೆ ಒಂದು ಮಾತು ಹೇಳಬೇಕು. ಆವಾಗ ಡಾಕ್ಟ್ರು ಸಾಕು ಅಂತ ಹೇಳಿರಲಿಲ್ಲ. ನಾನೇ…”

“ಗೊತ್ತು.”

“ಏನು ಗೊತ್ತು?”

“ಹೇಳಿರಲಿಲ್ಲ ಅಂತ. ಸುಳ್ಳು ಹೇಳುವಾಗ ನಿಮ್ಮ ಬಲಗಾಲಿನ ಹೆಬ್ಬೆರಳು ಮೇಲೇಳುತ್ತೆ. ಆಗಷ್ಟೇ ನಿಮ್ಮ ಕಾಲು ನೋಡೋಕೆ ಶುರು ಮಾಡಿದ್ದೆ ನಾನು. ಮೊನ್ನೆ ಡಾಕ್ಟರಮ್ಮನ ಮುಂದೆಯೂ ಎದ್ದಿತ್ತು, ಚಪ್ಪಲಿಯಿಂದ ಹೊರಗೇ ಬಂದಿತ್ತು.”

ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ನಾಲ್ಕು ವರ್ಷ ತಾನು ಮುಖವನ್ನು ಜೋಪಾನ ಮಾಡಿದ್ದು ದಂಡವಾಯಿತು. “ಮತ್ತೆ ಯಾಕೆ ಕೇಳಲಿಲ್ಲ?”

“ಆ ನರ್ಸು ಹೇಳಿದ್ದು ನನಗೂ ಕೇಳಿಸಿತ್ತಲ್ರೀ, ನನ್ನ ಕಿವಿ ಸುಟ್ಟಿರಲಿಲ್ಲ. ನೀವು ಟವೆಲು ಮಡಚುವಾಗ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಕಾಲರ್ ಬಿಚ್ಚುವಾಗಲೂ ಅನ್ನಲಿಲ್ಲ. ನನಗೂ ಆ ಸುಳ್ಳೇ ಬೇಕಾಗಿತ್ತು. ತಪ್ಪೆಲ್ಲ ನಿಮ್ಮದೇ ಅಂತ ಒಬ್ರೇ ಹೊತ್ಕೊಂಡು ತಿರುಗಬೇಡಿ, ಅರ್ಧ ನನ್ನದು, ಕೊಡಿ ಇಲ್ಲಿ.” ಅವಳ ಕೈ ಹಾಸಿಗೆಯ ಮೇಲೆ ತಡಕಾಡಿ ಅವನ ಕೈಯನ್ನು ಹಿಡಿಯಿತು. “ಇನ್ನು ಮೇಲೆ ಮುಖ ನೋಡ್ತೀನಿ. ಹುಷಾರಾಗಿರಿ.”

ಅವನು ಅತ್ತ. ತಡೆಯಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಅವಳನ್ನು ಕಂಡರೆ ಅವನಿಗೆ ಅಷ್ಟು ಪ್ರೀತಿ, ಅದನ್ನು ಏನು ಮಾಡಬೇಕೆಂದು ನಾಲ್ಕು ವರ್ಷ ಅವನಿಗೆ ತಿಳಿದಿರಲಿಲ್ಲ. ಅತ್ತು ಕಣ್ಣೊರೆಸಿಕೊಂಡು ನೋಡಿದರೆ ಅವಳ ಗಲ್ಲ ಆಗಲೇ ಒಂದು ಬೆರಳಷ್ಟು ಇಳಿದಿತ್ತು. ಎಳೆತ ತಾಳಲಾರದೆ ಮೆಲ್ಲಗೆ, ಗೊತ್ತಾಗದ ಹಾಗೆ ಇಳಿಯುತ್ತಿತ್ತು. ಇಳಿದರೆ ಅವಳಿಗೆ ಆರಾಮ. ಸ್ಟೂಲಿನ ಮೇಲಿದ್ದ ಗಡಿಯಾರದಲ್ಲಿ ಮೂರು ನಿಮಿಷವೂ ಕಳೆದಿರಲಿಲ್ಲ.

“ಸ್ವಲ್ಪ ಮೇಲೆ” ಎಂದ.

“ಎಳೆಯುತ್ತೆ ರೀ. ಸಾಕು ಇವತ್ತಿಗೆ.”

ಅವನು ಗಡಿಯಾರವನ್ನು ಎತ್ತಿ ಮಂಚದ ಮೇಲಿಟ್ಟು, ಸ್ಟೂಲನ್ನು ಕೋಣೆಯ ನಡುವಿಗೆ ಎಳೆದು, ಫ್ಯಾನಿನ ಸ್ವಿಚ್ಚು ಆರಿಸಿ, ಒದ್ದೆ ಬಟ್ಟೆ ಹಿಡಿದು ಹತ್ತಿದ. ಒಂದು ರೆಕ್ಕೆಯನ್ನು ಅಡ್ಡಕ್ಕೆ ಒರೆಸಿದ. ಧೂಳು ದಪ್ಪ ದಪ್ಪ ಎಳೆಗಳಾಗಿ ಉದುರಿ ಅವನ ಕೂದಲಿಗೇ ಬಿತ್ತು.

“ಹಾಗಲ್ಲ, ತುದಿಯಿಂದ ಒರೆಸಿ” ಎಂದಳು ಅವಳು. ಗಲ್ಲ ಮೇಲೆದ್ದಿತ್ತು. “ಬುಡದಲ್ಲಿ ಇನ್ನೂ ಇದೆ. ಆ ಕಡೆ. ಆ ಕಡೆ ಅಂದ್ರೆ ನನ್ನ ಆ ಕಡೆ. ದೇವರೇ, ಕ್ಷೌರ ಹೇಗೆ ಮಾಡ್ತೀರೋ ಜನರಿಗೆ. ಹಾ, ಈಗ ಬಂತು, ಕಂದೇ ಇದೆ.” ಅವಳ ಕತ್ತಿನ ಹೊಸ ಚರ್ಮ ಕಿಟಕಿಯ ಬೆಳಕಿನಲ್ಲಿ ಪೂರ್ತಿ ಬಿಚ್ಚಿಕೊಂಡು ಹೊಳೆಯುತ್ತಿತ್ತು. ನೋಯುತ್ತಿದೆಯೆಂದು ಅವಳ ಹುಬ್ಬಿನಿಂದ ತಿಳಿಯುತ್ತಿತ್ತು, ಆದರೆ ತಪ್ಪು ತೋರಿಸುವ ಸಂಭ್ರಮದಲ್ಲಿ ಅವಳಿಗೆ ಅದು ಮರೆತಿತ್ತು. ಮೂರು ರೆಕ್ಕೆಗಳೂ ಮುಗಿದಾಗ ಇನ್ನೂ ನಾಲ್ಕು ನಿಮಿಷವಿತ್ತು. ಅವನು ಫ್ಯಾನನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಒರೆಸಿದ್ದ ರೆಕ್ಕೆಯನ್ನೇ ಮತ್ತೆ ಒರೆಸತೊಡಗಿದ.

“ಅದು ಆಯ್ತಲ್ರೀ” ಎಂದಳು.

“ಇನ್ನೂ ಇದೆ” ಎಂದ ಅವನು. ಸ್ಟೂಲಿನ ಮೇಲೆ ಅವನ ಬಲಗಾಲಿನ ಹೆಬ್ಬೆರಳು ಮೇಲೆದ್ದಿತ್ತು, ಆದರೆ ಅವಳು ಮೇಲೆಯೇ ನೋಡುತ್ತಿದ್ದಳು.